ಗುಡ್ ಫ್ರೈಡೇ ಮತ್ತು ಮಂಜೇಶ್ವರದ ಗೋವಿಂದ ಪೈ

ಆರ್.ಆರ್. ನಗರದ ನನ್ನಂಥವರಿಗೆ ಗುಡ್ ಫ್ರೈಡೇ ಅಂದ್ರೆ ಲಾಂಗ್ ವೀಕೆಂಡ್. ಗುರುವಾರ ಸಂಜೆಯಿಂದಲೇ ಆರ್ಚ್ ಹತ್ತಿರ ಮೈಸೂರು ರಸ್ತೆ ಜಾಮ್. ಎಂಜಿನಿಯರಿಂಗ್ ಓದುವಾಗ ಕ್ರೈಸ್ತ ಗೆಳೆಯನಿಗೆ ಹ್ಯಾಪಿ ಗುಡ್ ಫ್ರೈಡೇ ಅಂತ ಮೆಸೇಜ್ ಕಳಿಸಿದ ಪುಣ್ಯಾತ್ಮ ನಾನು. ಅದು ಸಾವಿನ ದಿನ ಕಣೋ ಅಂತ ಅವನು ಮೆತ್ತಗೆ ತಿದ್ದಿದ್ದ.

ಆ ದಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಬಲಿಪೂಜೆ ಇಲ್ಲ, ಗಂಟೆ ಬಾರಿಸಲ್ಲ. ಬಲಿಪೀಠದ ಮೇಲೆ ಬಟ್ಟೆ, ಮೇಣದಬತ್ತಿ ಏನೂ ಇರಲ್ಲ. ಜನ ಉಪವಾಸ ಇದ್ದು, ಯೇಸುವಿನ ಯಾತನೆಯ ಕಥೆ ಕೇಳಿ, ಒಬ್ಬೊಬ್ಬರಾಗಿ ಶಿಲುಬೆಗೆ ಬಾಗುತ್ತಾರೆ. ತಪ್ಪು ಮಾಡದವನೊಬ್ಬ ಅಪರಾಧಿಗೆ ಕೊಡುವ ಸಾವನ್ನು ಸತ್ತ, ಅದೂ ತಮ್ಮ ಪಾಪಕ್ಕಾಗಿ ಅನ್ನೋದು ಅವರ ನಂಬಿಕೆ.

ಈ ಒಂದು ದಿನವನ್ನು ಕನ್ನಡಕ್ಕೆ ಕಾವ್ಯವಾಗಿ ತಂದವರು ಕ್ರೈಸ್ತರಲ್ಲ. ಎಂ. ಗೋವಿಂದ ಪೈ ಹುಟ್ಟಿದ್ದು 1883ರಲ್ಲಿ, ಗೌಡ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಮನೆಮಾತು ಕೊಂಕಣಿ, ಸುತ್ತಲೂ ತುಳು, ಬರೆದದ್ದು ಕನ್ನಡ. ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯ ಕಾಯಿಲೆಯ ಸುದ್ದಿ ಬಂತು. ಪರೀಕ್ಷೆ ಅರ್ಧಕ್ಕೇ ಬಿಟ್ಟು ಊರಿಗೆ ಹೊರಟರು. ಬರೆದಿದ್ದ ಇಂಗ್ಲಿಷ್ ಪತ್ರಿಕೆಗೆ ಚಿನ್ನದ ಪದಕ ಬಂತು, ಡಿಗ್ರಿ ಮಾತ್ರ ಬರಲಿಲ್ಲ. ಆಮೇಲೆ ತಾವೇ ಓದಿಕೊಂಡು ಹತ್ತಾರು ಭಾಷೆ ಕಲಿತರು. ಸಂಪ್ರದಾಯಸ್ಥರು ಗೊಣಗಿದರೂ ಆದಿಪ್ರಾಸವನ್ನು ಕೈಬಿಟ್ಟು ಪದ್ಯ ಬರೆದರು.

1930ರ ದಶಕದಲ್ಲಿ ಬಂದ ಖಂಡಕಾವ್ಯ 'ಗೊಲ್ಗೊಥಾ'. ಹೆಸರಿನ ಅರ್ಥ ತಲೆಬುರುಡೆಯ ಜಾಗ, ಶಿಲುಬೆ ನೆಟ್ಟ ದಿಬ್ಬ. ಯೇಸುವಿನ ಇಡೀ ಬದುಕಲ್ಲ, ಕಡೆಯ ದಿನವಷ್ಟೇ ಅದರ ವಸ್ತು. ಮುಂದೆ 'ವೈಶಾಖಿ'ಯಲ್ಲಿ ಬುದ್ಧನ ಕಡೆಯ ದಿನ ಬಂತು. ಕೃಷ್ಣನ, ಗಾಂಧಿಯ ಕಡೆಯ ದಿನಗಳಿಗೂ ಕೈಹಾಕಿದರು. (ಗಾಂಧಿ ಗುಂಡೇಟಿಗೆ ಬಿದ್ದ 1948ರ ಜನವರಿ 30 ಕೂಡ ಶುಕ್ರವಾರವೇ.) ಮಹಾತ್ಮರು ಸಾವಿನೆದುರು ಹೇಗೆ ನಿಂತರು ಅನ್ನೋದೇ ಅವರನ್ನು ಮತ್ತೆ ಮತ್ತೆ ಸೆಳೆದಿರಬೇಕು ಅನ್ನಿಸುತ್ತೆ ನನಗೆ.

ಪೈಗಳು ಮತಾಂತರವಾಗಲಿಲ್ಲ. ಇನ್ನೊಬ್ಬರ ದುಃಖದ ದಿನವನ್ನು ತನ್ನದೆಂಬಂತೆ ಬರೆಯೋಕೆ ಅದರ ಅಗತ್ಯವೂ ಇರಲಿಲ್ಲ. ಇವತ್ತು ಬರೆದಿದ್ದರೆ ಕಾಮೆಂಟುಗಳಲ್ಲಿ ಮೊದಲು ಅವರ ಜಾತಿ ಕೇಳುತ್ತಿದ್ದರು, ಆಮೇಲೆ ಪಾಕಿಸ್ತಾನದ ಟಿಕೆಟ್. ಆಗ ಏನಾಯಿತು? 1949ರಲ್ಲಿ ಮದ್ರಾಸ್ ಸರ್ಕಾರ ಇವರನ್ನೇ ರಾಷ್ಟ್ರಕವಿ ಅಂತ ಕರೆಯಿತು. ಕನ್ನಡಕ್ಕೆ ಮೊದಲ ರಾಷ್ಟ್ರಕವಿ.

1956ರಲ್ಲಿ ಕಾಸರಗೋಡು ಕೇರಳದ ಪಾಲಾಯಿತು. ಊರು ಕನ್ನಡನಾಡಿಗೇ ಸೇರಬೇಕೆಂದು ಬಯಸಿದ್ದ ಪೈಗಳು ಗಡಿಯಾಚೆ ಉಳಿದುಬಿಟ್ಟರು. ತೀರಿಕೊಂಡದ್ದು 1963ರ ಸೆಪ್ಟೆಂಬರ್ 6ರಂದು. ಮಂಜೇಶ್ವರದ ಅವರ ಮನೆ ಈಗ ಸ್ಮಾರಕ. ಅವರ ಮೊದಲ ಕವನ ಸಂಕಲನದ್ದೇ ಹೆಸರು ಅದಕ್ಕೆ: ಗಿಳಿವಿಂಡು. ಮಂಗಳೂರಿನಿಂದ ತಲಪಾಡಿ ದಾಟಿದರೆ ಸ್ವಲ್ಪ ದೂರ ಅಷ್ಟೇ.