ಬಿಸಿಗಾಳಿಯ ಹಾದಿಯಲ್ಲಿ ತಂಪು ಹರಿಸಿದ ವಿಲಿಸ್ ಕ್ಯಾರಿಯರ್

ಅಮೆರಿಕದ ಚಳಿ ಪ್ರದೇಶಗಳ ಹಳೆಯ ಮನೆಗಳಲ್ಲಿ ಇಂದಿಗೂ ಒಂದು ನೋಟ ಸಾಮಾನ್ಯ. ನೆಲಮಾಳಿಗೆಯಲ್ಲಿ ಒಂದು ಕುಲುಮೆ. ಅದರಿಂದ ಹೊರಟು ಗೋಡೆ ಹಾಗೂ ನೆಲಹಾಸಿನ ಸಂದುಗಳಲ್ಲಿ ನುಸುಳಿ ಪ್ರತಿ ಕೋಣೆಗೂ ಬಿಸಿಗಾಳಿ ಒಯ್ಯುವ ತಗಡಿನ ಕೊಳವೆಗಳು. ಡಕ್ಟ್ ಎಂದು ಕರೆಯಲಾಗುವ ಈ ಗಾಳಿಕೊಳವೆಗಳು ಚಳಿಗಾಲವನ್ನಷ್ಟೇ ಗಮನದಲ್ಲಿಟ್ಟುಕೊಂಡು ಹುಟ್ಟಿದವು. ಅವುಗಳಿಗೇ ಹೊಸ ಯಂತ್ರ ಜೋಡಿಸಿ ಬೇಸಿಗೆಯ ತಂಪು, ಚಳಿಗಾಲದ ಬಿಸಿ ಎರಡನ್ನೂ ಪಡೆಯಲು ಹೊರಟ ಮನೆಯೊಡೆಯರಿಗೆ ಒಂದು ಸತ್ಯ ಬಹುಬೇಗ ಅರಿವಾಗುತ್ತದೆ. ಬಿಸಿಗಾಳಿಗೆ ಒಪ್ಪುವ ಹಾದಿ ತಣ್ಣನೆಯ ಗಾಳಿಗೆ ಹಾಗೆಯೇ ಒಪ್ಪುವುದಿಲ್ಲ. ಈ ಸತ್ಯವನ್ನು ಲೆಕ್ಕಾಚಾರದಿಂದಲೂ ಅನುಭವದಿಂದಲೂ ಕಂಡುಕೊಂಡವರಲ್ಲಿ ಅಗ್ರಗಣ್ಯರು ಆಧುನಿಕ ಹವಾನಿಯಂತ್ರಣದ ಪಿತಾಮಹರೆಂದು ಹೆಸರಾದ ವಿಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್.

ತಂಪಿನ ಹೆಸರಿನೊಡನೆ ಬೆಸೆದುಹೋಗಿರುವ ಈ ಎಂಜಿನಿಯರ್ ವೃತ್ತಿಗೆ ಕಾಲಿಟ್ಟದ್ದು ಬಿಸಿ ಮಾಡುವ ಯಂತ್ರಗಳ ವಿನ್ಯಾಸಕಾರರಾಗಿ ಎಂಬುದು ಕುತೂಹಲದ ಸಂಗತಿ.

ಸೇಬಿನ ಹೋಳುಗಳ ಗಣಿತ

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನ ಬಳಿ, ಈರಿ ಸರೋವರಕ್ಕೆ ಸಮೀಪದ ಕೃಷಿ ಕುಟುಂಬದಲ್ಲಿ. ತಂದೆ ತಾಯಿಗೆ ಒಬ್ಬನೇ ಮಗ. ತಾಯಿ ಎಲಿಜಬೆತ್ ಅವರಿಗೆ ಯಂತ್ರಗಳ ಕುರಿತು ಸಹಜ ಆಸಕ್ತಿ. ಮನೆಯ ಗಡಿಯಾರ, ಹೊಲಿಗೆ ಯಂತ್ರಗಳನ್ನು ತಾವೇ ಸರಿಪಡಿಸುತ್ತಿದ್ದರು. ಶಾಲೆಯಲ್ಲಿ ಭಿನ್ನರಾಶಿಗಳು ಅರ್ಥವಾಗದೆ ಬಾಲಕ ಕಂಗೆಟ್ಟಾಗ, ತಾಯಿ ನೆಲಮಾಳಿಗೆಯಿಂದ ಸೇಬುಗಳನ್ನು ತರಿಸಿ, ಅವುಗಳನ್ನು ಅರ್ಧ, ಕಾಲು, ಅರೆಕಾಲು ಭಾಗಗಳಾಗಿ ಕತ್ತರಿಸಿ ಲೆಕ್ಕ ಕಲಿಸಿದರು. ಕಠಿಣ ಸಮಸ್ಯೆಯನ್ನು ಸಣ್ಣ ಭಾಗಗಳಾಗಿ ಒಡೆದು ನೋಡುವ ಪಾಠವನ್ನು ಕ್ಯಾರಿಯರ್ ಜೀವನದುದ್ದಕ್ಕೂ ಮರೆಯಲಿಲ್ಲ. ಆದರೆ ಆ ತಾಯಿ ಮಗನಿಗೆ 11 ವರ್ಷವಾಗಿದ್ದಾಗಲೇ ತೀರಿಕೊಂಡರು.

ವಿದ್ಯಾರ್ಥಿವೇತನದ ನೆರವಿನಿಂದ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದ ಅವರು 1901ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ಅದೇ ವರ್ಷ ಬಫಲೊ ಫೋರ್ಜ್ ಕಂಪನಿಯಲ್ಲಿ ವಾರಕ್ಕೆ 10 ಡಾಲರ್ ಸಂಬಳದ ನೌಕರಿ ದೊರೆಯಿತು. ಗಾಳಿಯೂದುವ ಯಂತ್ರಗಳನ್ನೂ ತಾಪಕಗಳನ್ನೂ ತಯಾರಿಸುತ್ತಿದ್ದ ಸಂಸ್ಥೆಯದು. ಮರದ ದಿಮ್ಮಿ ಮತ್ತು ಕಾಫಿ ಬೀಜ ಒಣಗಿಸುವ ವ್ಯವಸ್ಥೆಗಳ ವಿನ್ಯಾಸ ಅವರ ಪಾಲಿಗೆ ಬಂತು. ಹಬೆ ಹರಿಯುವ ಕೊಳವೆ ಸುರುಳಿಯ ಮೇಲೆ ಇಂತಿಷ್ಟು ಗಾಳಿ ಬೀಸಿದರೆ ಅದು ಎಷ್ಟು ಬಿಸಿಯಾಗುತ್ತದೆ ಎಂಬುದಕ್ಕೆ ಆಗ ನಂಬಲರ್ಹ ಲೆಕ್ಕಗಳಿರಲಿಲ್ಲ. ಅಂದಾಜಿನ ಮೇಲೆ ಯಂತ್ರ ನಿರ್ಮಿಸಿ, ಕೆಲಸ ಮಾಡದಿದ್ದರೆ ನಷ್ಟ ತುಂಬಿಕೊಡುವುದೇ ರೂಢಿ. ಕ್ಯಾರಿಯರ್ ಪ್ರಯೋಗ ನಡೆಸಿ ಕೋಷ್ಟಕಗಳನ್ನು ಸಿದ್ಧಪಡಿಸಿದರು. ಒಂದೇ ಚಳಿಗಾಲದಲ್ಲಿ ಕಂಪನಿಗೆ 40 ಸಾವಿರ ಡಾಲರ್ ಉಳಿತಾಯವಾಯಿತು.

ಹಬೆಯ ಬದಲು ತಣ್ಣೀರು

1902ರ ಬೇಸಿಗೆಯಲ್ಲಿ ಬ್ರೂಕ್ಲಿನ್‌ನ ಸ್ಯಾಕೆಟ್ ಮತ್ತು ವಿಲ್ಹೆಲ್ಮ್ಸ್ ಮುದ್ರಣಾಲಯದಿಂದ ವಿಚಿತ್ರ ಸಮಸ್ಯೆಯೊಂದು ಬಂತು. ಬಹುವರ್ಣ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಕಾಗದ ಬೇರೆ ಬೇರೆಯಾಗಿ ಯಂತ್ರದೊಳಗೆ ಹೋಗಬೇಕು. ಗಾಳಿಯ ತೇವಾಂಶ ಬದಲಾದಂತೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂಡುತ್ತಿರಲಿಲ್ಲ.

ಕ್ಯಾರಿಯರ್ ಹುಡುಕಿದ ದಾರಿ ಸರಳ. ಗಾಳಿ ಬಿಸಿ ಮಾಡಲು ಬಳಸುತ್ತಿದ್ದ ಅದೇ ಕೊಳವೆ ಸುರುಳಿಯಲ್ಲಿ ಹಬೆಯ ಬದಲು ತಣ್ಣೀರು ಹರಿಸಿದರು. ಅದರ ಮೇಲೆ ಹಾಯ್ದ ಗಾಳಿ ತಣ್ಣಗಾಗಿ, ಅದರಲ್ಲಿದ್ದ ತೇವ ಹನಿಯಾಗಿ ಕೆಳಗಿಳಿಯಿತು. 1902ರ ಜುಲೈ 17ರ ದಿನಾಂಕ ಹೊತ್ತ ಆ ನಕ್ಷೆಗಳನ್ನೇ ಆಧುನಿಕ ಹವಾನಿಯಂತ್ರಣದ ಜನ್ಮಪತ್ರವೆಂದು ಪರಿಗಣಿಸಲಾಗುತ್ತದೆ. ಬಾವಿಯ ನೀರಿನ ಜತೆಗೆ ಅಮೋನಿಯಾ ಶೈತ್ಯಯಂತ್ರವನ್ನೂ ಬಳಸಿದ ಈ ವ್ಯವಸ್ಥೆಯ ತಂಪಿನ ಸಾಮರ್ಥ್ಯ ದಿನಕ್ಕೆ 54 ಟನ್ ಮಂಜುಗಡ್ಡೆ ಕರಗಿದಾಗ ಸಿಗುವ ತಂಪಿಗೆ ಸಮ. ತೇವಾಂಶವನ್ನು ಶೇ 55ರಲ್ಲಿ ನಿಲ್ಲಿಸುವುದು ಅದರ ಗುರಿ. ಬಿಸಿ ಮತ್ತು ತಂಪು ಒಂದೇ ವ್ಯವಸ್ಥೆಯ ಎರಡು ಮುಖಗಳಾಗಬಲ್ಲವು ಎಂಬ ವಿಚಾರಕ್ಕೆ ಇಲ್ಲಿ ಬೀಜ ಬಿತ್ತು.

ಅದೇ ವರ್ಷದ ಕೊನೆಯ ಭಾಗದಲ್ಲಿ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ದಟ್ಟ ಮಂಜಿನ ನಡುವೆ ರೈಲಿಗಾಗಿ ಕಾದು ನಿಂತಿದ್ದಾಗ ಅವರಿಗೆ ಮತ್ತೊಂದು ಹೊಳಹು ದಕ್ಕಿತು. ಮಂಜೆಂದರೆ ಆ ತಾಪಮಾನದಲ್ಲಿ ತೇವದಿಂದ ಪೂರ್ಣವಾಗಿ ತುಂಬಿದ ಗಾಳಿ. ನೀರಿನ ತುಂತುರಿನ ಮೂಲಕ ಗಾಳಿಯನ್ನು ಹಾಯಿಸಿ, ಆ ನೀರಿನ ತಾಪಮಾನವನ್ನು ಹಿಡಿತದಲ್ಲಿಟ್ಟರೆ ಗಾಳಿಯಲ್ಲಿ ಉಳಿಯುವ ತೇವವನ್ನೂ ಬೇಕಾದಷ್ಟಕ್ಕೇ ನಿಲ್ಲಿಸಬಹುದು! ಈ ಉಪಕರಣಕ್ಕೆ 1906ರ ಜನವರಿ 2ರಂದು ಪೇಟೆಂಟ್ ದೊರೆಯಿತು. 1911ರ ಡಿಸೆಂಬರ್‌ನಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಅವರು ಮಂಡಿಸಿದ ಪ್ರಬಂಧ, ಗಾಳಿಯ ತಾಪ ಮತ್ತು ತೇವಗಳ ಸಂಬಂಧವನ್ನು ಸೂತ್ರಗಳಲ್ಲಿ ಹಿಡಿದಿಟ್ಟಿತು. ಆ ವಿಷಯದ ಅಧ್ಯಯನಕ್ಕೆ ಅದೇ ಅಡಿಗಲ್ಲಾಯಿತು.

ಹೊಸ ಸಂಸ್ಥೆ, ಹಳೆಯ ಕೊಳವೆ

ಮೊದಲ ಮಹಾಯುದ್ಧ ಆರಂಭವಾದಾಗ ಬಫಲೊ ಫೋರ್ಜ್ ತನ್ನ ಎಂಜಿನಿಯರಿಂಗ್ ವಿಭಾಗವನ್ನು ಕೈಬಿಡಲು ನಿರ್ಧರಿಸಿತು. ಕ್ಯಾರಿಯರ್ ಮತ್ತು ಅವರ ಆರು ಮಂದಿ ಸಹೋದ್ಯೋಗಿಗಳು 1915ರಲ್ಲಿ 32,600 ಡಾಲರ್ ಕೂಡಿಸಿ ಸ್ವಂತ ಸಂಸ್ಥೆ ಕಟ್ಟಿದರು. ಬಂಡವಾಳ ಅಲ್ಪ. ಗಿರಾಕಿಗಳು ಬಹುಪಾಲು ಕಾರ್ಖಾನೆಗಳು. ಮನುಷ್ಯರ ಸುಖಕ್ಕಾಗಿ ಗಾಳಿ ತಣಿಸುವುದು ಇನ್ನೂ ದೂರದ ಮಾತಾಗಿತ್ತು.

ಜನಸಾಮಾನ್ಯರಿಗೆ ತಂಪು ಮುಟ್ಟಿದ್ದು ಚಿತ್ರಮಂದಿರಗಳಲ್ಲಿ. ಅಲ್ಲಿಯೇ ಗಾಳಿಯ ಹಾದಿಯ ಪ್ರಶ್ನೆ ಗಂಭೀರವಾಗಿ ಎದುರಾಯಿತು. ಆಸನಗಳ ಕೆಳಗಿನ ನೆಲದ ಕಿಂಡಿಗಳಿಂದ ಗಾಳಿ ಮೇಲೇರುವಂತೆ ಹಲವು ಮಂದಿರಗಳನ್ನು ಕಟ್ಟಲಾಗಿತ್ತು. ಬಿಸಿಗಾಳಿ ಹಗುರವಾದ್ದರಿಂದ ತಾನೇ ಮೇಲೇರಿ ಸಭಾಂಗಣವನ್ನು ಬೆಚ್ಚಗಿಡುತ್ತಿತ್ತು. ಅದೇ ಕಿಂಡಿಗಳಲ್ಲಿ ತಣ್ಣನೆಯ ಗಾಳಿ ಬಿಟ್ಟಾಗ ಅದು ಭಾರದಿಂದ ನೆಲದಲ್ಲೇ ಮಡುಗಟ್ಟಿತು. ಕೆಳಗೆ ಕುಳಿತವರ ಕಾಲು ಮರಗಟ್ಟಿದರೆ, ಬಾಲ್ಕನಿಯಲ್ಲಿದ್ದವರು ಬೆವರುತ್ತಿದ್ದರು. ಪ್ರೇಕ್ಷಕರು ಪಾದಗಳಿಗೆ ವೃತ್ತಪತ್ರಿಕೆ ಸುತ್ತಿಕೊಂಡು ಕೂರುತ್ತಿದ್ದರೆಂಬ ಮಾತೂ ಇದೆ.

ಕ್ಯಾರಿಯರ್ ಸಂಸ್ಥೆ ಈ ಹಾದಿಯನ್ನೇ ತಲೆಕೆಳಗು ಮಾಡಿತು. ತಂಪು ಗಾಳಿ ಛಾವಣಿಯಿಂದ ನಿಧಾನವಾಗಿ ಇಳಿದು, ಆಸನಗಳ ಕೆಳಗಿನ ಕಿಂಡಿಗಳ ಮೂಲಕ ಮರಳಿ ಹೋಗುವಂತಾಯಿತು. ಮರಳಿದ ಗಾಳಿಯ ಒಂದು ಪಾಲನ್ನು ತಣ್ಣನೆಯ ಗಾಳಿಯೊಡನೆ ಬೆರೆಸಿ ಹದಗೊಳಿಸುವ ಉಪಾಯವೂ ಜತೆಗೂಡಿತು. 1922ರಲ್ಲಿ ಕ್ಯಾರಿಯರ್ ಅನಾವರಣಗೊಳಿಸಿದ ಕೇಂದ್ರಾಪಗಾಮಿ ಶೈತ್ಯಯಂತ್ರ ಇದಕ್ಕೆ ಬಲ ನೀಡಿತು. 1925ರಲ್ಲಿ ನ್ಯೂಯಾರ್ಕ್‌ನ ರಿವೋಲಿ ಚಿತ್ರಮಂದಿರದಲ್ಲಿ ಹವಾನಿಯಂತ್ರಣ ಆರಂಭವಾದ ದಿನ ಯಂತ್ರ ತಡವಾಗಿ ಚಾಲನೆಗೊಂಡಿತು. ಬೀಸಣಿಗೆ ಹಿಡಿದು ಬಂದಿದ್ದ ಪ್ರೇಕ್ಷಕರು ಒಬ್ಬೊಬ್ಬರಾಗಿ ಬೀಸುವುದನ್ನು ನಿಲ್ಲಿಸುವವರೆಗೂ ಕ್ಯಾರಿಯರ್ ಮತ್ತು ಸಂಗಡಿಗರು ಆತಂಕದಿಂದಲೇ ಕಾದರು.

ಕೈಗೆಟುಕದೆ ಉಳಿದ ಮನೆ

1928ರಲ್ಲಿ ಮನೆಗಳಿಗೆಂದು ವೆದರ್‌ಮೇಕರ್ ಎಂಬ ಯಂತ್ರ ಹೊರಬಂತು. ಮರುವರ್ಷವೇ ಆರ್ಥಿಕ ಮಹಾಕುಸಿತ ಎರಗಿತು. ಸಾಮಾನ್ಯ ಕುಟುಂಬಗಳಿಗೆ ಹವಾನಿಯಂತ್ರಣ ಕನಸಾಗಿಯೇ ಉಳಿಯಿತು. 1930ರಲ್ಲಿ ಬೇರೆರಡು ಕಂಪನಿಗಳೊಡನೆ ವಿಲೀನಗೊಂಡು ಸಂಸ್ಥೆ ಉಳಿದುಕೊಂಡಿತು. 1937ರಲ್ಲಿ ಸಿರಾಕ್ಯೂಸ್ ನಗರಕ್ಕೆ ಸ್ಥಳಾಂತರಗೊಂಡಿತು. ವೈಯಕ್ತಿಕ ಬದುಕಿನಲ್ಲೂ ಆಘಾತಗಳಿದ್ದವು. ಮೊದಲ ಪತ್ನಿಯನ್ನು 1912ರಲ್ಲಿ, ಎರಡನೆಯ ಪತ್ನಿಯನ್ನು 1939ರಲ್ಲಿ ಅವರು ಕಳೆದುಕೊಂಡರು.

ಕೆಲಸ ಮಾತ್ರ ನಿಲ್ಲಲಿಲ್ಲ. ಗಗನಚುಂಬಿ ಕಟ್ಟಡಗಳಲ್ಲಿ ದೊಡ್ಡ ಗಾಳಿಕೊಳವೆಗಳು ಬಾಡಿಗೆ ತರುವ ಜಾಗವನ್ನೇ ನುಂಗುತ್ತಿದ್ದವು. 1939ರಲ್ಲಿ ಬಂದ ಹೊಸ ವ್ಯವಸ್ಥೆಯಲ್ಲಿ ಸಣ್ಣ ಉಕ್ಕಿನ ಕೊಳವೆಗಳಲ್ಲಿ ಗಾಳಿಯನ್ನು ಅತಿವೇಗದಿಂದ ಹರಿಸಲಾಯಿತು. ಕಿಟಕಿಯ ಬಳಿಯ ಪೆಟ್ಟಿಗೆಯಲ್ಲಿ ಆ ಗಾಳಿ ಕೋಣೆಯ ಗಾಳಿಯನ್ನೂ ಎಳೆದುಕೊಂಡು, ಬಿಸಿನೀರು ಅಥವಾ ತಣ್ಣೀರಿನ ಸುರುಳಿಯ ಮೇಲೆ ಹಾಯುತ್ತಿತ್ತು. ಬಿಸಿಗೂ ತಂಪಿಗೂ ಒಂದೇ ಹಾದಿ ಸಿದ್ಧವಾಗಿತ್ತು. ಆದರೆ ಆ ಹಾದಿಯನ್ನು ಎರಡಕ್ಕೂ ಹೊಂದುವಂತೆ ಮೊದಲೇ ಲೆಕ್ಕ ಹಾಕಲಾಗಿತ್ತು.

ಹೃದಯದ ಕಾಯಿಲೆಯಿಂದಾಗಿ ನಿವೃತ್ತರಾದ ಕ್ಯಾರಿಯರ್ 1950ರ ಅಕ್ಟೋಬರ್ 7ರಂದು ನಿಧನರಾದರು. ಮನೆಮನೆಗೂ ಹವಾನಿಯಂತ್ರಣ ತಲುಪಿದ ದಿನಗಳನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಉಳಿದ ಪಾಠ

ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಗಾಳಿಯ ಹಾದಿ ಸರಿಯಿಲ್ಲದಿದ್ದರೆ ವ್ಯರ್ಥ ಎಂಬುದು ಅವರ ದುಡಿಮೆಯ ಸಾರ. ಹಳೆಯ ಕುಲುಮೆಯ ಜಾಗಕ್ಕೆ ಹೀಟ್ ಪಂಪ್ ತರುವ ಮನೆಗಳಲ್ಲಿ ಈ ಪಾಠ ಇಂದು ಮತ್ತೆ ಎದುರಾಗುತ್ತಿದೆ. ಕುಲುಮೆಯ ಗಾಳಿ ಕೋಣೆಗಿಂತ ಬಹಳ ಬಿಸಿಯಾಗಿರುವುದರಿಂದ ಸ್ವಲ್ಪ ಗಾಳಿಯೇ ಸಾಕು. ತಂಪು ಗಾಳಿ ಕೋಣೆಗಿಂತ ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್ ಮಾತ್ರ ತಣ್ಣಗಿರುತ್ತದೆ. ಆದ್ದರಿಂದ ಹೆಚ್ಚು ಗಾಳಿ ಬೇಕು. ಹೀಟ್ ಪಂಪ್‌ನ ಬಿಸಿಯೂ ಸೌಮ್ಯ. ಕಿರಿದಾದ ಹಳೆಯ ಕೊಳವೆಗಳಲ್ಲಿ ಅಷ್ಟು ಗಾಳಿ ನುಗ್ಗಿಸಿದರೆ ಸದ್ದು ಏಳುತ್ತದೆ, ಫ್ಯಾನ್ ಏದುಸಿರು ಬಿಡುತ್ತದೆ, ದೂರದ ಕೋಣೆಗೆ ತಂಪು ಮುಟ್ಟುವುದಿಲ್ಲ. ಹೊದಿಕೆಯಿಲ್ಲದ ತಗಡಿನ ಮೇಲೆ ಬೇಸಿಗೆಯ ತೇವ ಹನಿಗಟ್ಟಿ ಮರ, ಗೋಡೆಗಳು ಹಾಳಾಗುತ್ತವೆ. ಅಮೆರಿಕ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮದ ಅಂದಾಜಿನಂತೆ, ಸಾಮಾನ್ಯ ಮನೆಗಳ ಕೊಳವೆಗಳಲ್ಲಿ ಹರಿಯುವ ಗಾಳಿಯ ಶೇ 20ರಿಂದ 30ರಷ್ಟು ಸೋರಿಕೆ, ಬಿರುಕು, ಕಳಪೆ ಜೋಡಣೆಗಳಿಂದಲೇ ನಷ್ಟವಾಗುತ್ತದೆ.

ಹೀಗಾಗಿ ಹೊಸ ಯಂತ್ರ ಕೊಳ್ಳುವ ಮುನ್ನ ಹಳೆಯ ಕೊಳವೆಗಳ ಅಳತೆ ನೋಡುವುದು, ಕೀಲುಗಳ ಸೋರಿಕೆ ಮುಚ್ಚುವುದು, ಹೊರಮೈಗೆ ಶಾಖನಿರೋಧಕ ಹೊದಿಸುವುದು, ಗಾಳಿ ಮರಳುವ ದಾರಿಯನ್ನು ಹಿಗ್ಗಿಸುವುದು ಅನಿವಾರ್ಯ. ಒಂದು ದೊಡ್ಡ ಸಮಸ್ಯೆಯನ್ನು ಹೋಳು ಹೋಳಾಗಿ ಬಿಡಿಸುವ ಈ ಕ್ರಮ, ಅಂಗೋಲಾದ ಆ ಮನೆಯಲ್ಲಿ ತಾಯಿಯೊಬ್ಬಳು ಸೇಬು ಕತ್ತರಿಸಿ ಮಗನಿಗೆ ಕಲಿಸಿದ್ದೇ ಆಗಿದೆ.