ದಾರಿ ತೆರೆದ ಧೀರ: ಮೇಜರ್ ರಾಮ ರಾಘೋಬ ರಾಣೆ

ವೀರನೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಶಸ್ತ್ರಪಾಣಿಯಾದ ಯೋಧನ ಮೂರ್ತಿ. ಆದರೆ ಮುರಿದ ರಸ್ತೆಯನ್ನು ಕಟ್ಟಿ, ನೆಲದಲ್ಲಿ ಹುದುಗಿದ ಮೃತ್ಯುವನ್ನು ಕೈಯಾರೆ ಹೊರತೆಗೆದು, ತನ್ನ ಹಿಂದೆ ಬರುವವರಿಗೆ ಹಾದಿಯನ್ನು ಸುಗಮಗೊಳಿಸಿದ ವ್ಯಕ್ತಿಯೂ ಪರಮವೀರನೇ. ಸ್ವತಂತ್ರ ಭಾರತದ ಅತ್ಯುನ್ನತ ಸಮರ ಗೌರವವಾದ ಪರಮವೀರ ಚಕ್ರವನ್ನು ಇಂತಹ ಕಾರ್ಯಕ್ಕಾಗಿ ಪಡೆದವರು ಕರ್ನಾಟಕದ ಕರಾವಳಿಯ ಮನೆತನಕ್ಕೆ ಸೇರಿದ ರಾಮ ರಾಘೋಬ ರಾಣೆಯವರು.

ಕಾರವಾರದ ಸಮೀಪದ ಚೆಂಡಿಯಾ ಗ್ರಾಮ ಅವರ ಮನೆತನದ ಊರು. ರಾಣೆಯವರ ಜನನ 1918ರ ಜೂನ್ 26ರಂದು. ತಂದೆ ಪೊಲೀಸ್ ಇಲಾಖೆಯ ನೌಕರರು. ಅವರಿಗೆ ಮೇಲಿಂದ ಮೇಲೆ ವರ್ಗಾವಣೆಯಾಗುತ್ತಿದ್ದುದರಿಂದ ಬಾಲಕನ ವಿದ್ಯಾಭ್ಯಾಸ ಒಂದೆಡೆ ನೆಲೆನಿಲ್ಲಲಿಲ್ಲ. ಒಂದು ಶಾಲೆಯ ಪರಿಚಯವಾಗುವಷ್ಟರಲ್ಲಿ ಇನ್ನೊಂದು ಶಾಲೆ. 1930ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ನಾಡಿಗೆ ನಾಡೇ ಎಚ್ಚೆತ್ತಿತು. ಅದೇ ವರ್ಷ ನೆರೆಯ ಅಂಕೋಲೆಯಲ್ಲಿಯೂ ಉಪ್ಪಿನ ಸತ್ಯಾಗ್ರಹ ನಡೆಯಿತು. ಹನ್ನೆರಡರ ಹರೆಯದ ಬಾಲಕನ ಮನಸ್ಸು ಚಳವಳಿಯತ್ತ ವಾಲಿತು. ಸರಕಾರದ ಸೇವೆಯಲ್ಲಿದ್ದ ತಂದೆ ಕಳವಳಗೊಂಡು ಕುಟುಂಬವನ್ನು ಚೆಂಡಿಯಾಕ್ಕೆ ಕರೆತಂದರು. ದೇಶಕ್ಕಾಗಿ ಏನನ್ನಾದರೂ ಮಾಡಬೇಕೆಂಬ ಹಂಬಲ ಅಂದಿಗೆ ಅಡಗಿತೇ ಹೊರತು ಆರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜುಲೈ 10ರಂದು, ರಾಣೆಯವರು ಬಾಂಬೆ ಎಂಜಿನಿಯರ್ಸ್ ದಳದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ತರಬೇತಿಯಲ್ಲಿ ಅತ್ಯುತ್ತಮ ಅಭ್ಯರ್ಥಿಯೆನಿಸಿ ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು. ಬಳಿಕ ಬರ್ಮಾ ರಣರಂಗಕ್ಕೆ ಹೋದರು. ಅರಾಕಾನ್ ಪ್ರದೇಶದಿಂದ ನಮ್ಮ ಸೈನ್ಯ ಹಿಂದೆಗೆಯುತ್ತಿದ್ದಾಗ, ವೈರಿಗಳ ಕೈಗೆ ಉಪಯುಕ್ತ ಸಾಮಗ್ರಿ ಸಿಗದಂತೆ ಬುಥಿಡಾಂಗಿನಲ್ಲಿ ಅದನ್ನು ನಾಶಪಡಿಸುವ ಹೊಣೆ ಅವರ ತುಕಡಿಯ ಮೇಲೆ ಬಿತ್ತು. ಕೆಲಸ ಮುಗಿದ ಮೇಲೆ ಅವರನ್ನು ಕರೆದೊಯ್ಯಬೇಕಾಗಿದ್ದ ಹಡಗು ಬರಲಿಲ್ಲ. ಜಪಾನೀಯರು ಕಾವಲಿದ್ದ ನದಿಯನ್ನು ತಾವಾಗಿಯೇ ದಾಟಿ ರಾಣೆಯವರು ತಮ್ಮ ಸಂಗಡಿಗರೊಡನೆ ಸೈನ್ಯವನ್ನು ಸೇರಿಕೊಂಡರು. ಕೈಹಿಡಿದು ನಡೆಸುವವರಿಲ್ಲದಾಗ ದಾರಿಯನ್ನು ತಾನೇ ಕಂಡುಕೊಳ್ಳಬೇಕೆಂಬ ಪಾಠವನ್ನು ಅವರು ಕಲಿತದ್ದು ಹೀಗೆ. 1947ರ ಡಿಸೆಂಬರ್ 15ರಂದು ಅವರು ಸೆಕೆಂಡ್ ಲೆಫ್ಟಿನೆಂಟ್ ಪದವಿಗೇರಿದರು. ಸಿಪಾಯಿಯಾಗಿ ಮಣ್ಣು ಹೊತ್ತ ಕೈಗಳಿಗೆ ಅಧಿಕಾರಿಯ ಹೊಣೆ ಬಂದಿತು.

ಆ ವೇಳೆಗೆ ಜಮ್ಮು ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. 1947ರ ನವೆಂಬರಿನಲ್ಲಿ ರಾಜೌರಿ ಪಟ್ಟಣ ದಾಳಿಕೋರರ ವಶವಾಗಿತ್ತು. ಅಲ್ಲಿ ಆಶ್ರಯ ಪಡೆದಿದ್ದ ಸಾವಿರಾರು ಅಮಾಯಕರು ಹತರಾದರು. ಬದುಕುಳಿದವರ ಪಾಲಿಗೆ ಒಂದೊಂದು ದಿನವೂ ಯಮಯಾತನೆಯಾಗಿತ್ತು. ಅವರನ್ನು ಪಾರುಮಾಡಬೇಕಾದರೆ ಸೈನ್ಯ ನೌಶೇರಾದಿಂದ ಮುನ್ನಡೆಯಬೇಕಾಗಿತ್ತು. ಬೆಟ್ಟಗಳ ನಡುವೆ ಹಾವಿನಂತೆ ಹೊರಳುವ ಆ ರಸ್ತೆಯನ್ನು ವೈರಿಗಳು ಅಲ್ಲಲ್ಲಿ ಕಡಿದಿದ್ದರು, ಮೋರಿಗಳನ್ನು ಸಿಡಿಸಿದ್ದರು, ದೇವದಾರು ಜಾತಿಯ ಹೆಮ್ಮರಗಳನ್ನು ಅಡ್ಡ ಕೆಡವಿ ಸುತ್ತಲೂ ನೆಲಬಾಂಬುಗಳನ್ನು ಹುಗಿದಿದ್ದರು. ಟ್ಯಾಂಕುಗಳಿಲ್ಲದೆ ರಾಜೌರಿಯನ್ನು ಬೇಗ ಮುಟ್ಟುವಂತಿರಲಿಲ್ಲ. ದಾರಿಯಿಲ್ಲದೆ ಟ್ಯಾಂಕುಗಳು ಚಲಿಸುವಂತಿರಲಿಲ್ಲ. ಆ ದಾರಿಯ ಹೊಣೆ 37ನೆಯ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯ ನಾಯಕರಾದ ರಾಣೆಯವರದಾಯಿತು.

1948ರ ಏಪ್ರಿಲ್ 8. ಬೆಳಗಿನ 11 ಗಂಟೆಗೆ, 26ನೆಯ ಮೈಲಿಯ ಬಳಿ, ಕೆಲಸಕ್ಕೆ ಅಣಿಯಾಗಿ ಟ್ಯಾಂಕುಗಳ ಪಕ್ಕದಲ್ಲಿ ನಿಂತಿದ್ದಾಗಲೇ ಅವರ ತಂಡದ ಮೇಲೆ ಮಾರ್ಟರ್ ಗುಂಡುಗಳ ಮಳೆಗರೆಯಿತು. ಇಬ್ಬರು ಅಲ್ಲಿಯೇ ಅಸುನೀಗಿದರು. ರಾಣೆಯವರೂ ಸೇರಿ ಐವರು ಗಾಯಗೊಂಡರು. ಕೆಲಸ ಇನ್ನೂ ಪ್ರಾರಂಭವೇ ಆಗಿರಲಿಲ್ಲ. ಹಿಂದಿರುಗಿ ಚಿಕಿತ್ಸೆ ಪಡೆದಿದ್ದರೆ ಯಾರೂ ಅವರನ್ನು ಆಕ್ಷೇಪಿಸುತ್ತಿರಲಿಲ್ಲ. ಅವರು ಉಳಿದವರನ್ನು ಒಟ್ಟುಗೂಡಿಸಿ ಮುಂದೆ ಸಾಗಿದರು. ಸಂಜೆ ನಾಲ್ಕೂವರೆಯ ವೇಳೆಗೆ ಡೋಗ್ರಾ ಪದಾತಿಗಳು ಬರ್ವಾಲಿ ದಿಣ್ಣೆಯನ್ನು ಗೆದ್ದರು. ವೈರಿಗಳು ಆ ಪ್ರದೇಶದಿಂದ ಪೂರ್ಣವಾಗಿ ತೊಲಗಿರಲಿಲ್ಲವೆಂಬುದನ್ನು ಬಲ್ಲ ರಾಣೆಯವರು ರಾತ್ರಿ 10 ಗಂಟೆಯವರೆಗೆ ಮೆಷಿನ್ ಗನ್ನುಗಳ ಎದುರಿನಲ್ಲಿಯೇ ಬಳಸುದಾರಿ ಕಡಿಸಿದರು.

ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಕೆಲಸ. ಮಧ್ಯಾಹ್ನ 3 ಗಂಟೆಗೆ ಬಳಸುದಾರಿ ಸಿದ್ಧವಾಯಿತು. ರಾಣೆಯವರು ಎಲ್ಲಕ್ಕಿಂತ ಮುಂದಿನ ವಾಹನವನ್ನೇರಿದರು. ಅರ್ಧ ಮೈಲಿ ಸಾಗುವಷ್ಟರಲ್ಲಿ ಮರಗಳ ಅಡ್ಡಗಟ್ಟೆ. ಇಳಿದು ಅದನ್ನು ಸಿಡಿಸಿದರು. 300 ಗಜ ಮುಂದೆ ಇನ್ನೊಂದು. ಅದರಾಚೆ ಒಡೆದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ಹೆಮ್ಮರಗಳ ಅಡ್ಡಗಟ್ಟೆಯೊಂದು ಎದುರಾಯಿತು. ಸುತ್ತಲೂ ನೆಲಬಾಂಬುಗಳು, ಮೇಲಿನಿಂದ ಗುಂಡಿನ ಸುರಿಮಳೆ. ಅವರು ಅದನ್ನೂ ತೆಗೆಯಲು ತೊಡಗಿದಾಗ, ಪರಿಸ್ಥಿತಿಯನ್ನರಿತ ದಳದ ಮುಖ್ಯಾಧಿಕಾರಿ ಸೈನ್ಯವನ್ನು ರಾತ್ರಿಗೆ ತಂಗಿಸಿದರು. ಏಪ್ರಿಲ್ 10ರ ನಸುಕಿನ ಪಾವು ಕಮ್ಮಿ ಐದಕ್ಕೆ ರಾಣೆಯವರು ಮತ್ತೆ ಅಲ್ಲಿದ್ದರು. ಆರೂವರೆಗೆ ಆ ತಡೆ ನಿವಾರಣೆಯಾಯಿತು. ಮುಂದಿನ ಸಾವಿರ ಗಜವಂತೂ ತಡೆಗಳ ಸಾಲೇ ಆಗಿತ್ತು. ಅದೂ ಹತ್ತೂವರೆಗೆ ತೆರವಾಯಿತು. ಟ್ಯಾಂಕುಗಳು ತಾವಿ ನದಿಯ ಪಾತ್ರಕ್ಕಿಳಿದು ಮಧ್ಯಾಹ್ನ 2ಕ್ಕೆ ಚಿಂಗಸ್ ತಲುಪಿದವು.

ಇಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತೆಂದು ಅವರು ಭಾವಿಸಬಹುದಾಗಿತ್ತು. ಆದರೆ ಟ್ಯಾಂಕುಗಳ ಹಿಂದೆ ಅನ್ನ, ಔಷಧಿ, ಮದ್ದುಗುಂಡು ಹೊತ್ತ ವಾಹನಗಳು ಬರಬೇಕಾಗಿತ್ತು. ಅವು ನದಿಯಲ್ಲಿ ಇಳಿಯಲಾರವು. ಅನ್ನಾಹಾರ ವಿಶ್ರಾಂತಿಗಳನ್ನು ತೊರೆದು ರಾತ್ರಿ 9ರವರೆಗೆ ಅವರು ರಸ್ತೆಯನ್ನು ಸರಿಪಡಿಸಿದರು. 11ರಂದು ಬೆಳಿಗ್ಗೆ 11 ಗಂಟೆಗೆ ಚಿಂಗಸ್ಸಿನವರೆಗೆ ರಸ್ತೆ ತೆರೆಯಿತು. ಅಂದು ರಾತ್ರಿ 10ರವರೆಗೆ ಅದರಾಚೆಯ ಹಾದಿಯ ಕೆಲಸವೂ ನಡೆಯಿತು. ಏಪ್ರಿಲ್ 12ರಂದು ಭಾರತೀಯ ಸೈನ್ಯ ರಾಜೌರಿಯನ್ನು ಪ್ರವೇಶಿಸಿತು. ಅಳಿದುಳಿದ ನಿರಾಶ್ರಿತರಿಗೆ ಜೀವದಾನವಾಯಿತು. ಒಂದು ದಿನ ತಡವಾಗಿದ್ದರೆ ಇನ್ನೆಷ್ಟು ಮನೆಗಳ ದೀಪ ಆರುತ್ತಿತ್ತೋ ಊಹಿಸಲಾಗದು.

ಗಣರಾಜ್ಯ ಸ್ಥಾಪನೆಯಾದ 1950ರ ಜೂನ್ 21ರಂದು ರಾಣೆಯವರಿಗೆ ಪರಮವೀರ ಚಕ್ರ ಘೋಷಿತವಾಯಿತು. ಈ ಗೌರವ ಪಡೆದವರಲ್ಲಿ ಬಹುಪಾಲು ಮಂದಿ ರಣರಂಗದಲ್ಲಿಯೇ ದೇಹವಿಟ್ಟವರು. ರಾಣೆಯವರು ಅದನ್ನು ಜೀವಂತರಾಗಿ ಸ್ವೀಕರಿಸಿದ ವಿರಳರಲ್ಲೊಬ್ಬರು. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಅವರ ಹೆಸರು ಐದು ಬಾರಿ ಸೈನ್ಯದ ವರದಿಗಳಲ್ಲಿ ಪ್ರಶಂಸೆಗೆ ಪಾತ್ರವಾಯಿತು. ಮೇಜರ್ ಪದವಿಯಿಂದ ನಿವೃತ್ತರಾದ ಅವರು 1994ರ ಜುಲೈ 11ರಂದು, 76ನೆಯ ವಯಸ್ಸಿನಲ್ಲಿ, ಪುಣೆಯಲ್ಲಿ ಕಾಲವಶರಾದರು. 2006ರಲ್ಲಿ ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯ ಅನಾವರಣವಾಯಿತು. 2023ರಲ್ಲಿ ಅಂಡಮಾನ್‌ನ ದ್ವೀಪವೊಂದಕ್ಕೆ ಅವರ ಹೆಸರನ್ನಿಡಲಾಯಿತು.

ಆದರೂ ಅವರನ್ನು ನೆನೆಯುವಾಗ ಮೊದಲ ದಿನವೇ ಮಡಿದ ಆ ಇಬ್ಬರು ಸಂಗಡಿಗರನ್ನೂ ನೆನೆಯಬೇಕು. ಅವರು ಒಂದು ನೆಲಬಾಂಬನ್ನೂ ತೆಗೆಯಲಿಲ್ಲ, ರಾಜೌರಿಯನ್ನು ಕಾಣಲಿಲ್ಲ. ಆದರೆ ಅವರಿಬ್ಬರೂ ಬಿದ್ದ ನೆಲದಿಂದಲೇ ಆ ರಸ್ತೆ ಆರಂಭವಾಯಿತು. ರಾಣೆಯವರು ಆ ನಾಲ್ಕು ದಿನ ದಣಿಯದೆ ದುಡಿದದ್ದು ಅವರ ಪಾಲಿನ ಕೆಲಸವನ್ನೂ ಸೇರಿಸಿಯೇ. ಶಾಲೆಯಿಂದ ಶಾಲೆಗೆ ಅಲೆದ ಆ ಬಾಲಕ ಹೆಚ್ಚು ಓದಲಿಲ್ಲ. ಆದರೆ ಹಿಂದೆ ಬರುವವರಿಗಾಗಿ ಮುಂದೆ ನಡೆಯುವವನು ದಾರಿಯನ್ನು ಹಸನುಮಾಡಿ ಹೋಗಬೇಕೆಂಬುದನ್ನು ಅವರು ಬಾಳಿ ತೋರಿಸಿದರು. ಶಿಕ್ಷಕರ ವೃತ್ತಿಯೂ ಇಂತಹುದೇ, ವಿದ್ಯಾದಾನಕ್ಕೆ ನೆರವಾಗುವ ಉದಾರಿಗಳ ಕಾರ್ಯವೂ ಇಂತಹುದೇ. ಆ ದಾರಿಯಲ್ಲಿ ನಡೆದು ಊರು ಸೇರುವವರು ಬೇರೆ. ಕಲ್ಲು ಮುಳ್ಳು ಆಯ್ದವರು ಬೇರೆ.