ತೊರಪಳ್ಳಿಯಿಂದ ವಾಷಿಂಗ್ಟನ್ನಿಗೆ

ಚಕ್ರವರ್ತಿ ರಾಜಗೋಪಾಲಾಚಾರ್ಯರು ಗವರ್ನರ್ ಜನರಲ್ ಪದವಿಯನ್ನೇರಿದ ಏಕೈಕ ಭಾರತೀಯರೆಂಬುದನ್ನು ನಮ್ಮ ಶಾಲೆಯ ಬಾಲಕರೂ ಬಲ್ಲರು. ಆದರೆ ಅವರು ಹುಟ್ಟಿದ ತೊರಪಳ್ಳಿಯು ಹೊಸೂರಿನ ಮಗ್ಗುಲಲ್ಲಿದೆಯೆಂಬುದನ್ನೂ, 2004ರವರೆಗೆ ಅದು ನಮ್ಮ ಧರ್ಮಪುರಿ ಜಿಲ್ಲೆಗೇ ಸೇರಿದ್ದಿತೆಂಬುದನ್ನೂ ನೆನೆಯುವವರು ವಿರಳ.

1878ನೆಯ ಇಸವಿ ಡಿಸೆಂಬರ್ 10ರಂದು ಆ ಗ್ರಾಮದ ಮುನಸೀಫರ ಮಗನಾಗಿ ಜನಿಸಿದ ರಾಜಾಜಿಯವರು ಹೊಸೂರಿನಲ್ಲಿಯೂ ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದರು. ಮನೆಮಾತು ತಮಿಳು, ಅವರನ್ನು ಕನ್ನಡಿಗರೆಂದು ಹೇಳಿಕೊಳ್ಳುವ ಆಸೆ ನಮಗಿಲ್ಲ. ಎರಡು ನುಡಿಗಳ ನಡುವಣ ಈ ನೆಲದಲ್ಲಿ ಬೆಳೆದವರೆಂದರೆ ಸಾಕು. ಮದರಾಸಿನಲ್ಲಿ ಕಾನೂನು ಕಲಿತು, 1900ರಲ್ಲಿ ಸೇಲಂ ನಗರದಲ್ಲಿ ವಕೀಲಿವೃತ್ತಿಯನ್ನು ಕೈಕೊಂಡು, 1917ರಲ್ಲಿ ಅಲ್ಲಿನ ಪುರಸಭೆಯ ಅಧ್ಯಕ್ಷರಾದರು. 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದಾಗ ಪಾನನಿರೋಧವನ್ನು ಮೊತ್ತಮೊದಲು ಜಾರಿಗೆ ತಂದುದು ಸೇಲಂ ಜಿಲ್ಲೆಯಲ್ಲಿ. ಅಂದು ಧರ್ಮಪುರಿಯೂ ಅದರೊಳಗೇ ಇದ್ದುದರಿಂದ ಅಕ್ಟೋಬರ್ 1ರಂದು ನಮ್ಮ ಹಿರಿಯರ ಊರುಗಳ ಹೆಂಡದಂಗಡಿಗಳೂ ಮುಚ್ಚಿದುವು. ಅದರಿಂದ ಇಳಿದ ಸರ್ಕಾರದ ಆದಾಯವನ್ನು ತುಂಬಿಕೊಳ್ಳಲು 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ವಿಧಿಸಿದರು. ವರ್ತಕರು ಇದಕ್ಕಾಗಿ ಅವರನ್ನು ಹರಸಿರಲಾರರು!

ಇವೆಲ್ಲಕ್ಕಿಂತಲೂ ನಮಗೆ ಹಿರಿದಾಗಿ ತೋರುವುದು 1962ರ ಯಾತ್ರೆ. ಅಮೆರಿಕ, ರಷ್ಯಗಳೆರಡೂ ಆಗ ಪೈಪೋಟಿಯಿಂದ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸುತ್ತಿದ್ದುವು. ಆ ವಿಷಧೂಳಿಯು ಗಾಳಿಯಲ್ಲಿ ತೇಲಿ, ಹುಲ್ಲಿಗಿಳಿದು, ಹಸುವಿನ ಹಾಲಿನ ಮೂಲಕ ಎಳೆಯ ಮಕ್ಕಳ ಒಡಲನ್ನು ಸೇರುತ್ತಿದ್ದಿತು. ಗಾಂಧಿ ಶಾಂತಿ ಪ್ರತಿಷ್ಠಾನವು ಜೂನ್ ತಿಂಗಳಲ್ಲಿ ದೆಹಲಿಯಲ್ಲಿ ಅಣ್ವಸ್ತ್ರವಿರೋಧಿ ಸಮ್ಮೇಳನವನ್ನು ನೆರೆಯಿಸಿ, ಬಳಿಕ ವಿದೇಶಕ್ಕೆ ನಿಯೋಗವೊಂದನ್ನು ಕಳುಹಿಸಿತು. ಅದರ ಮುಂದಾಳು ರಾಜಾಜಿ. ಸ್ವತಂತ್ರ ಪಕ್ಷವನ್ನು ಕಟ್ಟಿ ನೆಹರೂ ಸರ್ಕಾರವನ್ನು ಕಟುವಾಗಿ ಟೀಕಿಸುತ್ತಿದ್ದ, ಎಂಬತ್ತಮೂರು ತುಂಬಿದ ವೃದ್ಧರು, ಅದುವರೆಗೆ ಪಾಶ್ಚಾತ್ಯ ದೇಶವನ್ನೇ ಕಂಡವರಲ್ಲ! ಜೊತೆಯಲ್ಲಿ ಹೊರಟ ಇಬ್ಬರೂ ಕನ್ನಡನಾಡಿನವರೆಂಬುದು ನಮಗೆ ಹೆಚ್ಚಿನ ಸಂತೋಷ: ಒಬ್ಬರು ‘ಕರ್ಮವೀರ’ ಪತ್ರಿಕೆಯನ್ನು ಸ್ಥಾಪಿಸಿದ ರಂ. ರಾ. ದಿವಾಕರರು, ಇನ್ನೊಬ್ಬರು ಮಂಗಳೂರು ಮೂಲದ ಪತ್ರಕರ್ತ ಬಿ. ಶಿವರಾಯರು.

ಸೆಪ್ಟೆಂಬರ್ 28ರಂದು ಶ್ವೇತಭವನದಲ್ಲಿ ಅಧ್ಯಕ್ಷ ಕೆನೆಡಿಯವರ ಭೇಟಿಯಾಯಿತು. ಕೆನೆಡಿಯವರಿಗೆ ನಾಲ್ವತ್ತೈದು ವರ್ಷ. ರಾಜಾಜಿಯವರು ಸೇಲಂ ಪುರಸಭೆಯ ಅಧ್ಯಕ್ಷರಾದ ವರ್ಷದಲ್ಲಿಯೇ ಅವರು ಹುಟ್ಟಿದುದು. ಗೊತ್ತುಪಡಿಸಿದ್ದ ವೇಳೆ ಮುಗಿದರೂ ಮಾತುಕತೆ ಮುಗಿಯಲಿಲ್ಲ. ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ರಾಜಾಜಿಯವರು ತರ್ಕಬದ್ಧವಾಗಿ ವಾದಿಸಿದರು.

ಮರುತಿಂಗಳೇ ಕ್ಯೂಬಾದ ಕ್ಷಿಪಣಿಗಳ ವಿಷಯದಲ್ಲಿ ಜಗತ್ತು ಅಣುಯುದ್ಧದ ಅಂಚಿಗೆ ಬಂದು ನಿಂತಿತು. 1963ನೆಯ ಆಗಸ್ಟ್ 5ರಂದು ಅಮೆರಿಕ, ರಷ್ಯ, ಬ್ರಿಟನ್ನುಗಳು ಮಾಸ್ಕೋದಲ್ಲಿ ಒಪ್ಪಂದಕ್ಕೆ ಸಹಿಹಾಕಿ, ಗಾಳಿಯಲ್ಲಿ, ಬಾಹ್ಯಾಕಾಶದಲ್ಲಿ, ನೀರಿನೊಳಗೆ ಪರೀಕ್ಷೆ ನಡೆಸುವುದನ್ನು ನಿಷೇಧಿಸಿದುವು. ನೆಲದೊಳಗಿನ ಪರೀಕ್ಷೆಗಳು ಮಾತ್ರ ಉಳಿದುಕೊಂಡುವು. ಇದಕ್ಕೆಲ್ಲ ಆ ಭೇಟಿಯೇ ಕಾರಣವೆಂದರೆ ಅತ್ಯುಕ್ತಿಯಾದೀತು. ಆದರೆ ಕೇಳಬೇಕಾದುದನ್ನು ಕೇಳಬೇಕಾದವರೆದುರಿಗೇ ಹೋಗಿ ಕೇಳಿದವರಲ್ಲಿ ನಮ್ಮ ಗಡಿನಾಡಿನ ಹಿರಿಯರೊಬ್ಬರಿದ್ದರು.

1972ನೆಯ ಡಿಸೆಂಬರ್ 25ರಂದು ಮದರಾಸಿನಲ್ಲಿ ಅವರು ತೀರಿಕೊಂಡರು. ತೊರಪಳ್ಳಿಯಲ್ಲಿ ಅವರು ಹುಟ್ಟಿದ ಮನೆಯನ್ನು ತಮಿಳುನಾಡು ಸರ್ಕಾರವು ಸ್ಮಾರಕವಾಗಿ ಕಾಪಾಡಿಕೊಂಡಿದೆ.